ಬಿಪಿ ಇಳಿಸುವ ಸಾಧನವೇ ತೀರ್ಪು ಕೊಡುವುದು ಬೇಡ: ತಯಾರಕರಿಗೂ ನಿಯಂತ್ರಕರಿಗೂ ಒಂದು ಬಹಿರಂಗ ಪತ್ರ

ಮೈಮೇಲೆ ಧರಿಸುವ ಆರೋಗ್ಯ ಸಾಧನಗಳನ್ನು ತಯಾರಿಸುವ ಕಂಪನಿಗಳಿಗೆ ಮತ್ತು ಅವುಗಳಿಗೆ ಅನುಮತಿ ಕೊಡುವ ನಿಯಂತ್ರಣ ಪ್ರಾಧಿಕಾರಗಳಿಗೆ,

ಮಾನ್ಯರೇ,

ಮಾತ್ರೆಯ ಹಂಗಿಲ್ಲದೆ ಬಿಪಿ ಇಳಿಸಿಕೊಳ್ಳಬಹುದು ಎಂಬ ಮಾತು ಈಗ ವಾಚಿನ ಜಾಹೀರಾತಿನಲ್ಲಿ, ಉಂಗುರದ ಡಬ್ಬಿಯ ಮೇಲೆ, ಎದೆಗೆ ಕಟ್ಟುವ ಪಟ್ಟಿಯ ಕೈಪಿಡಿಯಲ್ಲಿ, ಹೀಗೆ ಕಣ್ಣು ಹಾಯಿಸಿದಲ್ಲೆಲ್ಲ ಸಿಗುತ್ತಿದೆ. ಆ ಮಾತು ಪೂರಾ ಸುಳ್ಳು ಎಂದು ವಾದಿಸಲು ನಾನು ಈ ಪತ್ರ ಬರೆಯುತ್ತಿಲ್ಲ. ಅದರಲ್ಲಿ ನಿಜವಿದೆ, ಎಷ್ಟು ನಿಜ ಎಂಬುದಕ್ಕೆ ಲೆಕ್ಕವೂ ಇದೆ. ನನ್ನ ತಕರಾರು ಬೇರೆಯದು. ಬಿಪಿ ಇಳಿಸುವ ಕೆಲಸವನ್ನೂ ಬಿಪಿ ಅಳೆಯುವ ಕೆಲಸವನ್ನೂ ಒಂದೇ ಸಾಧನಕ್ಕೆ ಒಪ್ಪಿಸಿ, ಕೊನೆಗೆ "ನಿಮ್ಮ ಬಿಪಿ ಇಳಿದಿದೆ" ಎಂಬ ತೀರ್ಪನ್ನೂ ಅದರ ಬಾಯಿಂದಲೇ ಹೇಳಿಸುತ್ತಿದ್ದೀರಿ. ಪರೀಕ್ಷೆ ಬರೆದವನೇ ಉತ್ತರಪತ್ರಿಕೆ ತಿದ್ದಿ ಅಂಕ ಹಾಕಿಕೊಂಡ ಹಾಗಾಯಿತು ಇದು. ಇವೆರಡನ್ನೂ ಬೇರೆ ಮಾಡಿ ಎಂಬುದಷ್ಟೇ ನನ್ನ ಕೋರಿಕೆ.

ವೈದ್ಯಕೀಯ ನನ್ನ ವೃತ್ತಿಯಲ್ಲ. ಬೆಳಿಗ್ಗೆ ಎದ್ದು ಬಿಪಿ ಮಾತ್ರೆ ನುಂಗಿ, ಕೈಗೆ ವಾಚು ಕಟ್ಟಿಕೊಂಡು ಓಡಾಡುವ, ಆಗಾಗ ತೋಳಿಗೆ ಪಟ್ಟಿ ಸುತ್ತಿ ಅಳತೆ ನೋಡಿಕೊಳ್ಳುವ ಜನರಲ್ಲಿ ನಾನೂ ಸೇರಿದ್ದೇನೆ. ಅಂಥವರ ಸಂಖ್ಯೆ ಸಣ್ಣದಲ್ಲ. 30ರಿಂದ 79 ವರ್ಷದೊಳಗಿನ ಸುಮಾರು 128 ಕೋಟಿ ಜನರಿಗೆ ಅಧಿಕ ರಕ್ತದೊತ್ತಡವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಅವರಲ್ಲಿ ಶೇ. 46ರಷ್ಟು ಜನಕ್ಕೆ ತಮಗೆ ಬಿಪಿ ಇದೆಯೆಂಬುದೇ ಗೊತ್ತಿಲ್ಲ. ಹತೋಟಿಯಲ್ಲಿ ಇಟ್ಟುಕೊಂಡವರು ಐವರಲ್ಲಿ ಒಬ್ಬರು ಮಾತ್ರ. ಇಂಥ ಸ್ಥಿತಿಯಲ್ಲಿ ವಾಚಿನಿಂದಲೋ ಉಂಗುರದಿಂದಲೋ ನಾಲ್ಕು ಜನಕ್ಕೆ ಉಪಕಾರವಾಗುವುದಾದರೆ ಬೇಡ ಎನ್ನಲು ನಾನು ಯಾರು?

ಇನ್ನೊಂದು ಲೆಕ್ಕವನ್ನೂ ಮುಂದಿಡುತ್ತೇನೆ, ಏಕೆಂದರೆ ಈ ಪತ್ರದ ಅರ್ಧ ವಾದ ಅದರ ಮೇಲೆಯೇ ನಿಂತಿದೆ. 2021ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು 48 ಔಷಧ ಪ್ರಯೋಗಗಳ ಮೂರು ಲಕ್ಷ ನಲವತ್ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ಮೇಲಿನ ಸಂಖ್ಯೆ, ಅಂದರೆ ಸಿಸ್ಟೋಲಿಕ್ ಒತ್ತಡ, ಕೇವಲ 5 ಮಿ.ಮೀ. ಪಾದರಸದಷ್ಟು ಇಳಿದರೂ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಅವಘಡಗಳ ಅಪಾಯ ಸುಮಾರು ಶೇ. 10ರಷ್ಟು ಕಡಿಮೆಯಾಗುತ್ತದೆ ಎಂಬುದು ಅದರ ಸಾರ. ಬಿಪಿಯ ವಿಷಯದಲ್ಲಿ ಸಣ್ಣ ಸಂಖ್ಯೆಗೂ ಬೆಲೆಯಿದೆ. ಆದ್ದರಿಂದಲೇ 4 ಮಿ.ಮೀ. ಇಳಿಸುವ ಸಾಧನಕ್ಕೂ ಏನೂ ಇಳಿಸದ ಸಾಧನಕ್ಕೂ ಇರುವ ವ್ಯತ್ಯಾಸ ನಮಗೆ ಬೇಕು. ಆ ವ್ಯತ್ಯಾಸವನ್ನೇ ಕಾಣಲಾಗದ ಅಳತೆಗೋಲು ಇಟ್ಟುಕೊಂಡು ಏನು ಮಾಡೋಣ?

ಈಗ ನಿಜವಾಗಿ ಕೆಲಸ ಮಾಡುವುದು ಯಾವುದು ಎಂಬ ವಿಷಯಕ್ಕೆ ಬರೋಣ. ಉಸಿರಾಟದಿಂದ ಶುರುಮಾಡುತ್ತೇನೆ.

ನಿಧಾನವಾಗಿ ಉಸಿರಾಡಿದರೆ ಬಿಪಿ ಇಳಿಯುವುದಕ್ಕೆ ದೇಹದೊಳಗೆ ಸರಿಯಾದ ಕಾರಣವಿದೆ. ಕತ್ತಿನ ಎರಡೂ ಬದಿಯ ಕೆರೋಟಿಡ್ ರಕ್ತನಾಳಗಳಲ್ಲಿ, ಹೃದಯದಿಂದ ಹೊರಡುವ ಮಹಾಧಮನಿಯ ಕಮಾನಿನಲ್ಲಿ ಒತ್ತಡವನ್ನು ಗ್ರಹಿಸುವ ನರತುದಿಗಳಿವೆ. ಒತ್ತಡ ಏರಿ ನಾಳದ ಗೋಡೆ ಹಿಗ್ಗಿದಾಗ ಅವು ಮಿದುಳುಕಾಂಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಬರುವ ಆದೇಶದಂತೆ ಹೃದಯ ನಿಧಾನವಾಗುತ್ತದೆ, ರಕ್ತನಾಳಗಳು ಸಡಿಲಗೊಳ್ಳುತ್ತವೆ. ನಿಮಿಷಕ್ಕೆ ಸುಮಾರು ಆರು ಸಲ ಉಸಿರಾಡುವಾಗ ಈ ಪ್ರತಿಕ್ರಿಯೆ ಇನ್ನಷ್ಟು ಚುರುಕಾಗುತ್ತದೆ ಎಂಬುದನ್ನು ಪ್ರಯೋಗಾಲಯಗಳಲ್ಲಿ ತೋರಿಸಿದ್ದಾರೆ. ಈ ತತ್ವದ ಮೇಲೆ ತಯಾರಾದ ರೆಸ್ಪರೇಟ್ ಎಂಬ ಸಾಧನಕ್ಕೆ ಔಷಧ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2002ರಲ್ಲಿಯೇ ಅನುಮತಿ ಕೊಟ್ಟಿತ್ತು. ಎದೆಯ ಸುತ್ತ ಒಂದು ಪಟ್ಟಿ, ಕಿವಿಗೆ ಹೆಡ್‌ಫೋನ್. ಪಟ್ಟಿ ನಿಮ್ಮ ಉಸಿರಿನ ಲಯ ಹಿಡಿಯುತ್ತದೆ, ಕಿವಿಯಲ್ಲಿ ಎರಡು ಸ್ವರ ಕೇಳಿಸುತ್ತವೆ, ಒಂದಕ್ಕೆ ಉಸಿರೆಳೆಯಬೇಕು, ಇನ್ನೊಂದಕ್ಕೆ ಬಿಡಬೇಕು. ಬಿಡುವ ಸ್ವರವನ್ನು ಯಂತ್ರ ಕ್ರಮೇಣ ಉದ್ದ ಮಾಡುತ್ತ ಹೋಗುತ್ತದೆ. ನಿಮಗೆ ಗೊತ್ತಾಗುವಷ್ಟರಲ್ಲಿ ಉಸಿರು ನಿಮಿಷಕ್ಕೆ ಹತ್ತಕ್ಕಿಂತ ಕೆಳಗೆ ಬಂದಿರುತ್ತದೆ. ದಿನಕ್ಕೆ ಹದಿನೈದು ನಿಮಿಷದ ಕೆಲಸ. ಕೇಳಲು ಚೆಂದ, ಮಾಡಲು ಇನ್ನೂ ಚೆಂದ. 2013ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಔಷಧೇತರ ವಿಧಾನಗಳನ್ನು ತೂಗಿ ನೋಡಿದಾಗ ಸಾಧನದ ನೆರವಿನ ಉಸಿರಾಟಕ್ಕೆ ಧ್ಯಾನಕ್ಕಿಂತಲೂ, ದೇಹದ ಸಂಕೇತಗಳನ್ನು ಯಂತ್ರದಲ್ಲಿ ನೋಡುತ್ತ ಹತೋಟಿಗೆ ತರುವ ಬಯೋಫೀಡ್‌ಬ್ಯಾಕ್‌ಗಿಂತಲೂ ಮೇಲಿನ ದರ್ಜೆ ಕೊಟ್ಟಿತ್ತು.

ಆದರೆ ಅದಕ್ಕೂ ಒಂದು ವರ್ಷ ಮೊದಲು, 2012ರಲ್ಲಿ, ಈ ಸಾಧನದ ಎಂಟು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆಯೊಂದು ಬಂದಿತ್ತು. ಒಟ್ಟು 494 ರೋಗಿಗಳು. ಸರಾಸರಿಯಲ್ಲಿ ಮೇಲಿನ ಸಂಖ್ಯೆ 3.67, ಕೆಳಗಿನದು 2.51 ಮಿ.ಮೀ. ಇಳಿದಿತ್ತು. ಆದರೆ ತಯಾರಕರ ಹಣ ಅಥವಾ ಪಾಲುದಾರಿಕೆ ಇದ್ದ ಪ್ರಯೋಗಗಳನ್ನು ಬದಿಗಿಟ್ಟು ಉಳಿದವನ್ನು ಮಾತ್ರ ಲೆಕ್ಕಕ್ಕೆ ಹಿಡಿದಾಗ ಆ ಪರಿಣಾಮ ಮಾಯವಾಗಿತ್ತು. ಉಸಿರಾಟದ ತತ್ವ ಸುಳ್ಳು ಎಂದು ಇದರಿಂದ ಸಾಬೀತಾಗುವುದಿಲ್ಲ. ಪ್ರಯೋಗಗಳು ಸಣ್ಣವು, ಕೆಲವೇ ವಾರಗಳವು. ಆದರೂ ಅಳೆದವರು ಯಾರು ಎಂಬುದರ ಮೇಲೆ ಉತ್ತರ ಬದಲಾಗುತ್ತಿದ್ದರೆ ಗ್ರಾಹಕರು ಯಾವುದನ್ನು ನಂಬಬೇಕು? ಇಂದು ನಿಮ್ಮ ವಾಚುಗಳಲ್ಲಿ ಬರುವ "ಉಸಿರಾಡಿ" ಎಂಬ ಕಂಪನಕ್ಕೆ ಇಷ್ಟು ಪುರಾವೆಯೂ ಬೆನ್ನಿಗಿಲ್ಲ ಎಂಬುದನ್ನು ಇಲ್ಲಿಯೇ ನೆನಪಿಸುತ್ತೇನೆ. ಎಂಟು ಪ್ರಯೋಗಗಳಾದರೂ ನಡೆದದ್ದು ಆ ಹಳೆಯ ಎದೆಪಟ್ಟಿಯ ಮೇಲೆ.

ಉಸಿರಿನ ಮಾತು ಮುಗಿಸುವ ಮುನ್ನ ಇನ್ನೊಂದು ಪ್ರಯೋಗ ಹೇಳಲೇಬೇಕು, ಅದರ ಸಾಧನ ಧರಿಸುವಂಥದ್ದಲ್ಲ, ಕೈಯಲ್ಲಿ ಹಿಡಿಯುವಂಥದ್ದು. ಕೊಲರಾಡೊ ವಿಶ್ವವಿದ್ಯಾಲಯದವರು 2021ರಲ್ಲಿ 50ರಿಂದ 79ರ ವಯಸ್ಸಿನ 36 ಜನರಿಗೆ ಗಾಳಿಯನ್ನು ತಡೆದು ಬಿಡುವ ಒಂದು ಕೊಳವೆ ಕೊಟ್ಟು, ದಿನಕ್ಕೆ ಮೂವತ್ತು ಸಲ ಬಲವಾಗಿ ಉಸಿರೆಳೆಯಿರಿ ಎಂದರು. ಅರ್ಧದಷ್ಟು ಜನರ ಕೊಳವೆಯಲ್ಲಿ ತಡೆ ತೀರಾ ಕಡಿಮೆ, ಅಂದರೆ ಹುಸಿ ವ್ಯಾಯಾಮ. ಆರು ವಾರದ ನಂತರ ನಿಜವಾದ ತಡೆಯ ಎದುರು ಉಸಿರೆಳೆದವರ ಮೇಲಿನ ಸಂಖ್ಯೆ ಸರಾಸರಿ 9 ಮಿ.ಮೀ. ಇಳಿದಿತ್ತು. 36 ಜನ ಎಂದರೆ ಏನೂ ಅಲ್ಲ, ಒಪ್ಪುತ್ತೇನೆ. ಆದರೆ ಹುಸಿ ಗುಂಪು ಇಟ್ಟುಕೊಂಡು ಕೇಳಿದರು ನೋಡಿ, ಆ ಶಿಸ್ತು ನನಗೆ ಇಷ್ಟವಾಯಿತು.

ಇನ್ನು ನಡಿಗೆ, ವ್ಯಾಯಾಮ. ನಿಮ್ಮ ಸಾಧನಗಳ ಅಸಲಿ ಶಕ್ತಿ ಇರುವುದು ಇಲ್ಲಿಯೇ. 2007ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಸಮೀಕ್ಷೆಯ ಪ್ರಕಾರ ಸೊಂಟಕ್ಕೆ ಸಿಕ್ಕಿಸುವ ಸಾದಾ ಪೆಡೋಮೀಟರ್ ಕೊಟ್ಟರೂ ಜನ ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು ಹೆಜ್ಜೆ ಹೆಚ್ಚಾಗಿ ನಡೆದರು, ಮೇಲಿನ ಸಂಖ್ಯೆ 3.8 ಮಿ.ಮೀ. ಇಳಿಯಿತು. ಗುರಿಯೊಂದು ಕಣ್ಣೆದುರು ಇದ್ದದ್ದೇ ಮುಖ್ಯ ಕಾರಣವೆಂದು ಕಂಡುಬಂತು. 2022ರಲ್ಲಿ ಹಲವಾರು ಸಮೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಧರಿಸುವ ಸಾಧನಗಳಿಂದ ದಿನಕ್ಕೆ ಸುಮಾರು 1800 ಹೆಜ್ಜೆ ಹೆಚ್ಚುತ್ತದೆ, ತೂಕ ಒಂದು ಕಿಲೋದಷ್ಟು ಇಳಿಯುತ್ತದೆ ಎಂಬ ಉತ್ತರವೇ ಬಂತು. ಕಿಲೋ ತೂಕ ಇಳಿದರೆ ಒತ್ತಡ ಸುಮಾರು ಒಂದು ಮಿ.ಮೀ. ಇಳಿಯುತ್ತದೆಂಬುದು ವೈದ್ಯರ ಹಳೆಯ ಲೆಕ್ಕ. ಇದರಲ್ಲಿ ಪವಾಡವೇನೂ ಇಲ್ಲ, ಮೋಸವೂ ಇಲ್ಲ.

ಆದರೆ ನೀವು ಎಣಿಸುವುದು ಹೆಜ್ಜೆಯನ್ನು, ಮತ್ತು ಹೆಜ್ಜೆಗೆ ಸಿಗದ ವ್ಯಾಯಾಮವೊಂದು ಬಿಪಿಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಕೂತಿದೆ. 2023ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ 270 ಪ್ರಯೋಗಗಳ, 15,827 ಜನರ ವಿಶ್ಲೇಷಣೆ ಪ್ರಕಟವಾಯಿತು. ನಡಿಗೆ, ಓಟ, ಸೈಕಲ್ಲಿನಂಥ ಏರೋಬಿಕ್ ವ್ಯಾಯಾಮದಿಂದ ಮೇಲಿನ ಸಂಖ್ಯೆ 4.49 ಮಿ.ಮೀ. ಇಳಿದರೆ, ಸ್ನಾಯುವನ್ನು ಬಿಗಿಹಿಡಿದು ಅಲುಗದೆ ನಿಲ್ಲುವ ಐಸೋಮೆಟ್ರಿಕ್ ವ್ಯಾಯಾಮದಿಂದ 8.24 ಮಿ.ಮೀ. ಇಳಿದಿತ್ತು. ಮೇಲಿನ ಸಂಖ್ಯೆಯ ಮಟ್ಟಿಗೆ ಮೊದಲ ಸ್ಥಾನ ಗೋಡೆಗೆ ಬೆನ್ನು ಕೊಟ್ಟು ಕೂರುವ ವಾಲ್ ಸ್ಕ್ವಾಟ್‌ಗೆ.

ಅದನ್ನು ಒಮ್ಮೆ ಮಾಡಿ ನೋಡಿ. ಬೆನ್ನನ್ನು ಗೋಡೆಗೆ ಒತ್ತಿ, ಕುರ್ಚಿಯಿಲ್ಲದ ಕಡೆ ಕುರ್ಚಿಯಿದೆಯೆಂಬಂತೆ ಜಾರಿ ಕೂರಬೇಕು. ಮೊದಲ ಅರ್ಧ ನಿಮಿಷ ಇದೇನು ಮಹಾ ಎನ್ನಿಸುತ್ತದೆ. ಒಂದು ನಿಮಿಷಕ್ಕೆ ತೊಡೆ ಬಿಸಿಯಾಗುತ್ತದೆ. ಒಂದೂವರೆ ನಿಮಿಷಕ್ಕೆ ಮೊಣಕಾಲ ಮೇಲಿನ ಸ್ನಾಯು ತನ್ನಷ್ಟಕ್ಕೆ ತಾನೇ ಅದುರತೊಡಗುತ್ತದೆ, ಉಸಿರು ಬಿಗಿಹಿಡಿಯುವ ಆಸೆಯಾಗುತ್ತದೆ. ಹಿಡಿಯಬಾರದು, ಹಿಡಿದರೆ ಒತ್ತಡ ಇನ್ನಷ್ಟು ಏರುತ್ತದೆ. ಎರಡು ನಿಮಿಷ ಮುಗಿದು ಎದ್ದರೆ ಕಾಲು ನಮ್ಮ ಮಾತು ಕೇಳುವುದಿಲ್ಲ. ನಡುನಡುವೆ ಎರಡು ನಿಮಿಷ ಬಿಡುವು ಕೊಟ್ಟು ಇಂಥ ನಾಲ್ಕು ಸುತ್ತು, ವಾರಕ್ಕೆ ಮೂರು ದಿನ. ಇಷ್ಟೆಲ್ಲ ಆದ ಮೇಲೆ ವಾಚು ನೋಡಿಕೊಂಡರೆ ಹೆಜ್ಜೆ: ಸೊನ್ನೆ. ಸಾಲದ್ದಕ್ಕೆ ಅದೇ ಹೊತ್ತಿಗೆ "ಬಹಳ ಹೊತ್ತಿನಿಂದ ಕುಳಿತಿದ್ದೀರಿ, ಎದ್ದು ಓಡಾಡಿ" ಎಂಬ ಉಪದೇಶ ಬೇರೆ. ನಗುವ ವಿಷಯವಲ್ಲ ಇದು. ನಿಮ್ಮ ಸೆನ್ಸರ್‌ಗೆ ಯಾವುದು ಸುಲಭವಾಗಿ ಸಿಗುತ್ತದೋ ಅದನ್ನೇ ಆರೋಗ್ಯ ಎಂದು ನೀವು ನಮಗೆ ಕಲಿಸುತ್ತಿದ್ದೀರಿ. ಬಿಪಿ ಇರುವವರಿಗೆ ಬೇಕಾದ ವ್ಯಾಯಾಮಕ್ಕೆ ಸಮಯ ಹಿಡಿಯುವ, ಬಿಡುವನ್ನು ನೆನಪಿಸುವ, ಉಸಿರು ಬಿಗಿಹಿಡಿಯಬೇಡಿ ಎಂದು ಎಚ್ಚರಿಸುವ ಸಣ್ಣ ಕಾರ್ಯಕ್ರಮವೊಂದನ್ನು ವಾಚಿನಲ್ಲಿ ಹಾಕುವುದು ನಿಮಗೆ ಕಷ್ಟವೇ? ಬಿಪಿ ತೀರಾ ಏರಿರುವವರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು ಎಂಬ ಸಾಲೂ ಅದರಲ್ಲಿರಲಿ.

ಸಾಧನ ಕೊಟ್ಟ ಮಾತ್ರಕ್ಕೆ ಎಲ್ಲ ಆಗಿಬಿಡುತ್ತದೆ ಎಂಬ ಭ್ರಮೆಯನ್ನು 2016ರ ಎರಡು ಪ್ರಯೋಗಗಳು ಚೆನ್ನಾಗಿ ಬಿಡಿಸಿವೆ. ಅಮೆರಿಕದಲ್ಲಿ 471 ಯುವಜನರ ತೂಕ ಇಳಿಕೆಯ ಅಧ್ಯಯನ ನಡೆಯಿತು. ಎಲ್ಲರಿಗೂ ಸಲಹೆ, ಬೆಂಬಲ ಸಿಗುತ್ತಿತ್ತು. ಅವರಲ್ಲಿ ಒಂದು ಗುಂಪಿಗೆ ತೋಳಿಗೆ ಕಟ್ಟುವ ಸಾಧನವನ್ನೂ ಕೊಟ್ಟರು. ಎರಡು ವರ್ಷದ ಕೊನೆಗೆ ಸಾಧನ ಕಟ್ಟಿಕೊಂಡವರು ಇಳಿಸಿದ್ದು 3.5 ಕಿಲೋ, ಕಟ್ಟಿಕೊಳ್ಳದವರು 5.9 ಕಿಲೋ. ಸಿಂಗಪುರದಲ್ಲಿ 800 ಉದ್ಯೋಗಿಗಳ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ ವರ್ಷ ಕಳೆಯುವಷ್ಟರಲ್ಲಿ ಸಾಧನವನ್ನು ಇನ್ನೂ ಧರಿಸುತ್ತಿದ್ದವರು ಹತ್ತರಲ್ಲಿ ಒಬ್ಬರು ಮಾತ್ರ. ತೂಕದಲ್ಲಾಗಲಿ ರಕ್ತದೊತ್ತಡದಲ್ಲಾಗಲಿ ಸುಧಾರಣೆ ಕಾಣಲಿಲ್ಲ. ಮನೆಯಲ್ಲಿ ಬಿಪಿ ನೋಡಿಕೊಳ್ಳುವುದರ ಕಥೆಯೂ ಇದೇ. 25 ಪ್ರಯೋಗಗಳ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು 2017ರಲ್ಲಿ ಪರಿಶೀಲಿಸಿದಾಗ, ಸುಮ್ಮನೆ ಅಳತೆ ನೋಡಿಕೊಂಡವರಲ್ಲಿ ವರ್ಷದ ಕೊನೆಗೆ ಇಳಿದಿದ್ದು ಒಂದು ಮಿ.ಮೀ.; ಅಳತೆಯ ಜೊತೆಗೆ ವೈದ್ಯರು, ನರ್ಸ್ ಅಥವಾ ಫಾರ್ಮಸಿಸ್ಟ್ ನಿಗಾ ಇಟ್ಟು ಸಲಹೆ ಕೊಟ್ಟ ಕಡೆ 6.1. ಹಿಂದೆ ಒಬ್ಬ ಮನುಷ್ಯ ನಿಂತಿದ್ದರೆ ಯಂತ್ರಕ್ಕೆ ಬಲ. ನಿಮ್ಮ ಜಾಹೀರಾತಿನಲ್ಲಿ ಆ ಮನುಷ್ಯ ಎಂದಾದರೂ ಕಾಣಿಸಿದ್ದುಂಟೆ?

ಈಗ ಮುಖ್ಯ ತಕರಾರಿಗೆ ಬರುತ್ತೇನೆ, ಅಳತೆಗೆ.

ತೋಳಿಗೆ ಸುತ್ತುವ ಪಟ್ಟಿ 1896ರಲ್ಲಿ ರಿವಾ-ರೊಚ್ಚಿ ಕೊಟ್ಟ ಕೊಡುಗೆ. ಗಾಳಿ ತುಂಬಿ ರಕ್ತನಾಳವನ್ನು ಒತ್ತಿಹಿಡಿದು, ಆಮೇಲೆ ನಿಧಾನಕ್ಕೆ ಸಡಿಲಿಸಿ, ರಕ್ತ ಮತ್ತೆ ಹರಿಯುವ ಹೊತ್ತಿನ ಒತ್ತಡವನ್ನು ಹಿಡಿಯುತ್ತದೆ. ಒತ್ತಡವನ್ನು ಒತ್ತಡದಿಂದಲೇ ಅಳೆಯುವ ಕ್ರಮ ಅದು. ನಿಮ್ಮ ವಾಚಿನ ಹಿಂಬದಿಯ ಹಸಿರು ಬೆಳಕು ಒತ್ತಡವನ್ನು ನೋಡುವುದೇ ಇಲ್ಲ. ಪ್ರತಿ ಬಡಿತಕ್ಕೂ ಚರ್ಮದಡಿಯ ರಕ್ತದ ಪ್ರಮಾಣ ಹೇಗೆ ಏರಿಳಿಯುತ್ತದೆಂದು ನೋಡಿ, ಆ ಅಲೆಯ ಆಕಾರದಿಂದ ಒತ್ತಡ ಇಷ್ಟಿರಬಹುದು ಎಂದು ಊಹಿಸುತ್ತದೆ. ಚಳಿಗೆ ಕೈ ತಣ್ಣಗಾದರೆ, ವಾಚು ಸಡಿಲವಾಗಿದ್ದರೆ, ಕೈ ಎತ್ತಿ ಇಳಿಸಿದರೆ ಆ ಅಲೆಯೇ ಬದಲಾಗುತ್ತದೆ. ಹಾಗಾಗಿ ಇಂಥ ಬಹುತೇಕ ಸಾಧನಗಳಿಗೆ ಮೊದಲು ತೋಳುಪಟ್ಟಿಯಿಂದ ಅಳೆದ ಸಂಖ್ಯೆಯನ್ನು ಉಣಿಸಬೇಕು. ಸ್ಯಾಮ್ಸಂಗ್‌ನ ಗ್ಯಾಲಕ್ಸಿ ವಾಚಿಗೆ ನಾಲ್ಕು ವಾರಕ್ಕೊಮ್ಮೆ ಮತ್ತೆ ಉಣಿಸಬೇಕೆಂದು ತಯಾರಕರೇ ಹೇಳುತ್ತಾರೆ.

ಇಲ್ಲಿಯೇ ಇರುವುದು ತೊಡಕು. ಸೋಮವಾರ ತೋಳುಪಟ್ಟಿಯಲ್ಲಿ 148 ಬಂತು ಎಂದು ಹೇಳಿಕೊಟ್ಟ ಮೇಲೆ ಮಂಗಳವಾರ 146 ಎನ್ನುವುದಕ್ಕೆ ಜಾಣತನ ಬೇಕಿಲ್ಲ. ಹೇಳಿಕೊಟ್ಟ ಸಂಖ್ಯೆಯ ಸುತ್ತಮುತ್ತ ಓಡಾಡಿಕೊಂಡಿದ್ದರೂ ಸರಾಸರಿಯಲ್ಲಿ ಸಾಧನ ನಿಖರವಾಗಿದೆ ಎಂದೇ ತೋರುತ್ತದೆ. ಒಂದು ತಿಂಗಳು ವ್ಯಾಯಾಮ ಮಾಡಿ ನಿಜವಾಗಿ 8 ಮಿ.ಮೀ. ಇಳಿಸಿದ್ದೇನೆ ಅಂದುಕೊಳ್ಳಿ, ಆ ಇಳಿಕೆ ವಾಚಿಗೆ ಕಾಣುತ್ತದೆಯೇ? ಕಾಣದಿದ್ದರೆ ಮನಸ್ಸು ಕುಗ್ಗಿ ವ್ಯಾಯಾಮ ಬಿಟ್ಟೇನು. ಇಳಿಯದಿದ್ದರೂ ಇಳಿದಿದೆ ಎಂದು ತೋರಿಸಿದರೆ ಮಾತ್ರೆ ಬಿಟ್ಟೇನು. ಎರಡರಲ್ಲೂ ನಷ್ಟ ನನ್ನದೇ. ಈ ಪ್ರಶ್ನೆ ನಾನು ಹುಟ್ಟುಹಾಕಿದ್ದಲ್ಲ. ಯುರೋಪಿಯನ್ ಸೊಸೈಟಿ ಆಫ್ ಹೈಪರ್‌ಟೆನ್ಷನ್ 2023ರಲ್ಲಿ ಪಟ್ಟಿಯಿಲ್ಲದ ಸಾಧನಗಳನ್ನು ಪರೀಕ್ಷಿಸುವ ಕ್ರಮ ಸೂಚಿಸಿದಾಗ, ಚಿಕಿತ್ಸೆಯಿಂದ ಒತ್ತಡ ಇಳಿದಾಗ ಸಾಧನ ಆ ಇಳಿಕೆಯನ್ನು ಹಿಡಿಯುತ್ತದೆಯೇ ಎಂಬುದಕ್ಕೆಂದೇ ಪ್ರತ್ಯೇಕ ಪರೀಕ್ಷೆ ಇಟ್ಟಿತು. ನಿದ್ದೆಯಲ್ಲಿ, ವ್ಯಾಯಾಮದಲ್ಲಿ, ಕೈಯ ಸ್ಥಾನ ಬದಲಾದಾಗ ಏನಾಗುತ್ತದೆ ಎಂಬುದಕ್ಕೂ ಪರೀಕ್ಷೆಗಳಿವೆ. ಅದೇ ಸಂಸ್ಥೆಯ 2023ರ ಮಾರ್ಗಸೂಚಿಯಾಗಲಿ, ಅಮೆರಿಕದ ಹೃದ್ರೋಗ ಸಂಘಗಳ 2025ರ ಮಾರ್ಗಸೂಚಿಯಾಗಲಿ ಪಟ್ಟಿಯಿಲ್ಲದ ಸಾಧನದ ಸಂಖ್ಯೆಯನ್ನು ನೆಚ್ಚಿ ಚಿಕಿತ್ಸೆ ನಡೆಸಲು ಒಪ್ಪುವುದಿಲ್ಲ.

ತೋಳುಪಟ್ಟಿಯೇನು ದೇವರಲ್ಲ, ಅದೂ ಗೊತ್ತು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಸಂಖ್ಯೆ ಏರುತ್ತದೆ. 2024ರ ಒಂದು ಅಧ್ಯಯನದಲ್ಲಿ ಕೈಯನ್ನು ಮೇಜಿನ ಮೇಲೆ ಇಡುವ ಬದಲು ಪಕ್ಕಕ್ಕೆ ಇಳಿಬಿಟ್ಟದ್ದಕ್ಕೇ ಮೇಲಿನ ಸಂಖ್ಯೆ 6.5 ಮಿ.ಮೀ. ಹೆಚ್ಚು ಬಂದಿತ್ತು. ಅಂದರೆ ಕೈ ಇಟ್ಟುಕೊಳ್ಳುವ ರೀತಿಯೊಂದೇ ಎಷ್ಟೋ ಸಾಧನಗಳ ಚಿಕಿತ್ಸೆಯ ಫಲಕ್ಕಿಂತ ದೊಡ್ಡದು! ಆದರೆ ಪಟ್ಟಿಯ ತಪ್ಪುಗಳು ನಮಗೆ ಗೊತ್ತಿರುವ ತಪ್ಪುಗಳು. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕಿಟ್ಟು, ಬಾಯಿ ಮುಚ್ಚಿಕೊಂಡಿದ್ದರೆ ಬಹುಮಟ್ಟಿಗೆ ನಿವಾರಣೆಯಾಗುತ್ತವೆ. ನಿಮ್ಮ ಅಲ್ಗಾರಿದಮ್ಮಿನ ತಪ್ಪು ಎಲ್ಲಿದೆಯೆಂದು ಹುಡುಕುವ ದಾರಿ ನಮಗಿಲ್ಲ.

ಉಸಿರಾಟದ ಅಭ್ಯಾಸ ಮುಗಿದ ಕೂಡಲೇ "ಮೊದಲು" ಮತ್ತು "ಆಮೇಲೆ" ಎಂದು ಎರಡು ಸಂಖ್ಯೆ ತೋರಿಸುವ ಆ್ಯಪುಗಳ ಬಗ್ಗೆ ಒಂದು ಮಾತು. ಹತ್ತು ನಿಮಿಷ ಏನೂ ಮಾಡದೆ ಕೂತರೂ ಎರಡನೆಯ ಅಳತೆ ಮೊದಲನೆಯದಕ್ಕಿಂತ ಕಡಿಮೆ ಬರುವುದು ಮಾಮೂಲಿ. ಬಿಪಿ ಏರಿದ ದಿನ ಗಾಬರಿಯಿಂದ ಸಾಧನ ಕೊಂಡವರ ಬಿಪಿ ಮುಂದಿನ ವಾರ ತಾನಾಗಿಯೇ ಒಂದಿಷ್ಟು ಇಳಿದಿರುತ್ತದೆ. ಹುಸಿ ಚಿಕಿತ್ಸೆಯ ಗುಂಪಿಲ್ಲದೆ ಇದನ್ನೆಲ್ಲ ಸೋಸಿ ತೆಗೆಯಲಾಗದು. ಮೂತ್ರಪಿಂಡದ ನರಗಳನ್ನು ಒಳಗಿನಿಂದ ಸುಡುವ ಚಿಕಿತ್ಸೆಗೆ ಸಂಬಂಧಿಸಿದ ಸಿಂಪ್ಲಿಸಿಟಿ ಎಚ್‌ಟಿಎನ್-3 ಪ್ರಯೋಗವನ್ನು ನಿಮಗೆ ನೆನಪಿಸಬೇಕಾಗಿಲ್ಲ. 2014ರಲ್ಲಿ ಫಲಿತಾಂಶ ಬಂದಾಗ ಚಿಕಿತ್ಸೆ ಪಡೆದವರ ಮೇಲಿನ ಸಂಖ್ಯೆ 14 ಮಿ.ಮೀ. ಇಳಿದಿತ್ತು, ಚಿಕಿತ್ಸೆ ನಡೆದಿದೆ ಎಂದು ನಂಬಿ ಹುಸಿ ವಿಧಾನಕ್ಕೆ ಒಳಗಾದವರದೂ ಹನ್ನೆರಡರ ಹತ್ತಿರ ಇಳಿದಿತ್ತು. ಆ ಪೆಟ್ಟಿನಿಂದ ಪಾಠ ಕಲಿತು ಆ ಕ್ಷೇತ್ರದವರು ಪ್ರಯೋಗಗಳನ್ನು ಮತ್ತೆ ಕಟ್ಟಿದರು, ಹುಸಿ ಗುಂಪಿನ ಎದುರು ಗೆದ್ದರು, 2023ರ ನವೆಂಬರ್‌ನಲ್ಲಿ ಎಫ್‌ಡಿಎ ಅನುಮತಿ ಪಡೆದರು. ಆ ಚಿಕಿತ್ಸೆಯ ವೈದ್ಯರು ತಲೆಬಾಗಿದ ನಿಯಮಕ್ಕೆ ವಾಚು ಮಾರುವವರು ತಲೆಬಾಗಬಾರದೇಕೆ?

ಹೃದಯವನ್ನು ನಿಧಾನಗೊಳಿಸುವ ವೇಗಸ್ ನರದ ಕಿವಿಯ ಮುಂಭಾಗದ ಕವಲಿಗೆ ಸಣ್ಣ ವಿದ್ಯುತ್ ಕೊಡುವ ಕ್ಲಿಪ್ಪುಗಳು ಇನ್ನೂ ಸಂಶೋಧನೆಯ ಹಂತದಲ್ಲಿವೆ, ಕಾದು ನೋಡೋಣ. ಅಯಸ್ಕಾಂತದ ಬಳೆಗಳ ಬಗ್ಗೆ ಕಾಯುವುದಕ್ಕೂ ಏನಿಲ್ಲ. ಮಣಿಕಟ್ಟಿಗೆ ಕಟ್ಟಿದ ಪುಟ್ಟ ಕಂಪ್ಯೂಟರಿನಿಂದ ಊಟದ ಕಡ್ಡಿಗೆ (ಚಾಪ್‌ಸ್ಟಿಕ್) ನವಿರಾದ ವಿದ್ಯುತ್ ಹರಿಸಿ, ಕಡಿಮೆ ಉಪ್ಪಿನ ಊಟಕ್ಕೇ ಹೆಚ್ಚು ಉಪ್ಪಿನ ರುಚಿ ಬರಿಸುವ ಸಾಧನವನ್ನು ಜಪಾನಿನ ಮೇಜಿ ವಿಶ್ವವಿದ್ಯಾಲಯ ಮತ್ತು ಕಿರಿನ್ ಕಂಪನಿ 2022ರಲ್ಲಿ ತೋರಿಸಿದವು. ಬಿಪಿ ಎಷ್ಟು ಇಳಿಯಿತು ಎಂಬುದು ಆಮೇಲಿನ ಮಾತು. ಸಮಸ್ಯೆಯ ಬುಡಕ್ಕೆ, ಅಂದರೆ ಉಪ್ಪಿಗೆ, ಕೈಹಾಕಿದ ಆ ಬುದ್ಧಿಗೆ ಮೆಚ್ಚಿದೆ.

ನಿಯಂತ್ರಕರೇ, ಇನ್ನು ಮುಂದಿನದು ನಿಮಗೆ. 2025ರ ಜುಲೈಯಲ್ಲಿ ಎಫ್‌ಡಿಎ ಒಂದು ಕೈಪಟ್ಟಿ ಕಂಪನಿಗೆ ಎಚ್ಚರಿಕೆ ಪತ್ರ ಕಳಿಸಿತು. ಬಿಪಿ ಅಂದಾಜು ತೋರಿಸುವುದು ಬರೀ ಕ್ಷೇಮಪಾಲನೆಯ ಸೌಲಭ್ಯ ಎಂಬುದು ಕಂಪನಿಯ ವಾದ; ಬಿಪಿ ಅಂದಾಜಿಗೂ ರೋಗ ನಿರ್ಣಯಕ್ಕೂ ಬಿಡಿಸಲಾಗದ ನಂಟಿದೆ ಎಂಬುದು ಆಗ ಎಫ್‌ಡಿಎ ತಳೆದಿದ್ದ ನಿಲುವು. ಆ ನಿಲುವೇ ಸರಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ್ಯಪಲ್ ವಾಚಿನ ಅಧಿಕ ರಕ್ತದೊತ್ತಡ ಸೂಚನೆಗೆ ಅನುಮತಿ ಸಿಕ್ಕಿತು. ಅದು ಸಂಖ್ಯೆಯನ್ನೇ ಕೊಡುವುದಿಲ್ಲ. ಮೂವತ್ತು ದಿನದ ಮಾಹಿತಿ ನೋಡಿ, ನಿಮಗೆ ಬಿಪಿ ಇರಬಹುದು, ತೋಳುಪಟ್ಟಿಯಿಂದ ಒಂದು ವಾರ ಅಳೆದು ವೈದ್ಯರಿಗೆ ತೋರಿಸಿ ಎನ್ನುತ್ತದೆ. ಬಿಪಿ ಇರುವ ಎಲ್ಲರನ್ನೂ ಅದು ಹಿಡಿಯುವುದಿಲ್ಲ, ಅರ್ಧಕ್ಕಿಂತ ಹೆಚ್ಚು ಜನ ಕೈತಪ್ಪುತ್ತಾರೆ. ಹಾಗಿದ್ದೂ ಈ ವಿನಯ ನನಗೆ ಒಪ್ಪಿಗೆ. ತನಗೆ ತಿಳಿಯದ್ದನ್ನು ತೋಳುಪಟ್ಟಿಗೆ ಬಿಟ್ಟುಕೊಡುತ್ತದೆ. ರೋಗ ಪತ್ತೆಗೆ ಒಪ್ಪಿದ ಈ ಕ್ರಮ ರೋಗ ಇಳಿಕೆಯ ತೀರ್ಪಿಗೂ ಅನ್ವಯಿಸಲಿ ಎಂಬುದೇ ನನ್ನ ಬೇಡಿಕೆ.

ಅಂದರೆ ಹೀಗೆ. ಬಿಪಿ ಇಳಿಸುತ್ತೇವೆ ಎಂದು ಹೇಳಿಕೊಳ್ಳುವ ಯಾವುದೇ ಸಾಧನ, ಕಾರ್ಯಕ್ರಮ ಶುರುವಾಗುವ ಮೊದಲು ಒಂದು ವಾರ, ಮುಗಿದ ಮೇಲೆ ಒಂದು ವಾರ, ಬೆಳಿಗ್ಗೆ ಎರಡು ಸಂಜೆ ಎರಡು ಅಳತೆಯನ್ನು ಪ್ರಮಾಣೀಕೃತ ತೋಳುಪಟ್ಟಿಯಿಂದ ಪಡೆಯಲೇಬೇಕು. ಹೊತ್ತಿಗೆ ಸರಿಯಾಗಿ ನೆನಪಿಸುವುದು, ಬ್ಲೂಟೂತ್‌ನಲ್ಲಿ ಸಂಖ್ಯೆ ಪಡೆಯುವುದು, ಮೊದಲ ದಿನದ್ದನ್ನು ಕೈಬಿಟ್ಟು ಸರಾಸರಿ ತೆಗೆಯುವುದು, ಇದೆಲ್ಲ ನಿಮ್ಮ ಆ್ಯಪಿಗೆ ನೀರು ಕುಡಿದಷ್ಟು ಸಲೀಸು. ಡಬ್ಬಿಯ ಮೇಲೆ "ಬಿಪಿ ಇಳಿಸಲು ಸಹಕಾರಿ" ಎಂಬ ಜಾರಿಕೆಯ ಮಾತಿನ ಬದಲು, ಹುಸಿ ಸಾಧನಕ್ಕಿಂತ ಎಷ್ಟು ಮಿ.ಮೀ. ಹೆಚ್ಚು ಇಳಿಯಿತು, ಎಷ್ಟು ಜನರಲ್ಲಿ, ಎಷ್ಟು ವಾರ, ಯಾರ ಹಣದಲ್ಲಿ, ಕೊನೆಯವರೆಗೆ ಧರಿಸಿದವರು ಎಷ್ಟು ಮಂದಿ ಎಂಬುದು ಅಚ್ಚಾಗಲಿ. ಹುಸಿ ಗುಂಪಿನ ಪ್ರಯೋಗವೇ ಆಗಿಲ್ಲದಿದ್ದರೆ ಆಗಿಲ್ಲ ಎಂದು ಅಷ್ಟೇ ದಪ್ಪಕ್ಷರದಲ್ಲಿ ಬರೆಯಿರಿ. ತೋಳುಪಟ್ಟಿಯಿಂದ ಉಣಿಸಿದ ಸಂಖ್ಯೆಯ ಅವಧಿ ತೀರಿದ ದಿನದಿಂದ ವಾಚು ಬಿಪಿ ತೋರಿಸುವುದನ್ನು ನಿಲ್ಲಿಸಲಿ.

ಮಾತ್ರೆಯ ವಿಚಾರದಲ್ಲಂತೂ ಯಾವ ರಾಜಿಯೂ ಬೇಡ. ವ್ಯಾಯಾಮ, ಉಸಿರಾಟ, ತೂಕ ಇಳಿಕೆ ಎಲ್ಲ ಫಲಿಸಿ ನಿಜವಾಗಿಯೇ ಒತ್ತಡ ಇಳಿದವರು ಇದ್ದಾರೆ. ಅಂಥವರು ಹಳೆಯ ಪ್ರಮಾಣದ ಮಾತ್ರೆಯನ್ನೇ ನುಂಗುತ್ತಿದ್ದರೆ ಎದ್ದು ನಿಂತಾಗ ತಲೆಸುತ್ತು ಬಂದು ಬೀಳಬಹುದು, ಆಗ ಪ್ರಮಾಣ ತಗ್ಗಿಸಬೇಕಾಗುತ್ತದೆ. ತಗ್ಗಿಸಬೇಕಾದವರು ವೈದ್ಯರು, ಪರದೆಯ ಮೇಲಿನ ಹಸಿರು ಟಿಕ್ ಗುರುತಲ್ಲ. "ಮಾತ್ರೆಗೆ ವಿದಾಯ" ಎಂಬ ಧಾಟಿಯ ಜಾಹೀರಾತನ್ನು ಈ ಕಾರಣಕ್ಕಾಗಿಯೇ ನಿಷೇಧಿಸಿ. ಬಿಪಿ ಸದ್ದಿಲ್ಲದೆ ಏರುತ್ತದೆ. ಮಾತ್ರೆ ಬಿಟ್ಟವರಿಗೆ ಏರಿದ್ದು ಗೊತ್ತೇ ಆಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಮಾತೋ ಕೈಕಾಲೋ ಬಿದ್ದುಹೋಗಿರಬಹುದು.

ತಯಾರಕರಿಂದ ಉತ್ತರ ಬರುವುದಾದರೆ ಅದೂ ಬಹಿರಂಗವಾಗಿಯೇ ಬರಲಿ. ನಾನು ಕೇಳುವುದು ಮೂರೇ ಪ್ರಶ್ನೆ: ನಿಮ್ಮ ಸಾಧನವನ್ನು ಹುಸಿ ಸಾಧನದ ಎದುರು ಇಟ್ಟು ನೋಡಿದ್ದೀರಾ, ಎಷ್ಟು ಮಿ.ಮೀ. ಇಳಿಯಿತು, ಅಳೆದವರು ಯಾರು?

ಇಂತಿ,
ನಿಮ್ಮ ಸಾಧನವನ್ನು ಕೈಗೆ ಕಟ್ಟಿಕೊಂಡೇ ಈ ಪತ್ರ ಬರೆದ ಬಳಕೆದಾರರೊಬ್ಬರು